ಉಣುಗು ಕಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಅಮ್ಮ ಕೊಟ್ಟಿಗೆಗೆಂದು ಕಾಡಿನಿಂದ ತಂದ ದರಕಿನ, ಅಂದರೆ ಒಣ ತರಗೆಲೆಯ, ಹೊರೆ ಇಳಿಸಿ ಜಗಲಿಯಲ್ಲಿ ಕೂತರೆ, ನಾನು ಮೊದಲು ನೋಡುತ್ತಿದ್ದುದು ಅವಳ ಮಂಡಿಯ ಹಿಂಭಾಗವನ್ನು. ಎಳ್ಳುಕಾಳಿಗಿಂತ ಸಣ್ಣ ಕಪ್ಪು ಚುಕ್ಕೆ, ಕೆರೆದರೂ ಬಿಡದು. ಮೈಗೆ ಅಂಟಿ ರಕ್ತ ಹೀರುವ ಉಣುಗಿನ ಮರಿ. ಕಚ್ಚಿದ್ದು ಅವಳಿಗೆ ಗೊತ್ತೇ ಆಗಿರುತ್ತಿರಲಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ. ಹಳದಿ ಜ್ವರವೇ ಬಂತೇನೋ ಎಂದು ಮೊದಲು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ವೈರಸ್. ನಾವು ಅದಕ್ಕೆ ಮಂಗನ ಕಾಯಿಲೆ ಎಂದೆವು. ಪಾಪ, ಮಂಗವೂ ನಮ್ಮಂತೆ ರೋಗಿಯೇ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಅಲ್ಲೇ ತರಗೆಲೆಯಲ್ಲಿ ಉಳಿಯುತ್ತವೆ, ಅಪಾಯ ಇರುವುದು ಅಲ್ಲಿ.

ಉಣುಗಿನ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಆ ಜಾಗದಲ್ಲಿ ನಮ್ಮ ರಕ್ಷಣೆಯನ್ನೂ ತಗ್ಗಿಸುತ್ತದೆ. ವೈರಸ್ ಆ ಜೊಲ್ಲಿನಲ್ಲೇ ಒಳಗೆ ಬರುತ್ತದೆ. ಸೋಂಕು ತಗುಲಿದ ಜೀವಕೋಶ ಸುಮ್ಮನಿರುವುದಿಲ್ಲ. ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಟ್ಟು ನೆರೆಯ ಕೋಶಗಳಿಗೆ ಕೂಗು ಹಾಕುತ್ತದೆ. ಆ ಕೂಗು ಕೇಳಿದ ಕೋಶಗಳು ವೈರಸ್ ಬೆಳೆಯದಂತೆ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತವೆ. ಈ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನ್ ಆ ಕೂಗನ್ನೇ ಕೇಳಿಸದಂತೆ ಮಾಡುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡಿದೆ. ನನ್ನನ್ನು ತುಂಬ ಕಾಡುವ ಸಂಗತಿ ಇದು. ವೈರಸ್ಸನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ರಕ್ತದಲ್ಲಿ ತಯಾರಾಗಲು ದಿನಗಳು ಬೇಕು. ಅಷ್ಟರಲ್ಲಿ ವೈರಸ್ ರಕ್ತದಲ್ಲಿ ತುಂಬಿರುತ್ತದೆ.

ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಬಹಳ ಜನ ವಾರ, ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಆಗ ಅದು ಮಿದುಳು, ನರಗಳ ಮೇಲೆ ಬೀಳುತ್ತದೆ. ಸಾಯುವವರು ನೂರಕ್ಕೆ ಮೂರರಿಂದ ಐದು.

ಫಾರ್ಮಲಿನ್ ಎಂಬ ರಾಸಾಯನಿಕದಲ್ಲಿ ಸಾಯಿಸಿದ ವೈರಸ್ಸಿನ ಲಸಿಕೆಯೊಂದು ಇತ್ತು. ಬೂಸ್ಟರ್ ಮೇಲೆ ಬೂಸ್ಟರ್ ಕೊಟ್ಟರೂ ಕೆಲವರಿಗೆ ಕಾಯಿಲೆ ಬಂತು. ಅದನ್ನೀಗ ನಿಲ್ಲಿಸಲಾಗಿದೆ. ಲಸಿಕೆ ಕಲಿಸಿದ ವೈರಸ್ಸಿನ ಗುರುತು, ಆ ದೇಹದ ನೆನಪು, ಯಾಕೆ ಇಷ್ಟು ಬೇಗ ಮಾಸಿತು ಎಂಬುದನ್ನು ಬಿಡಿಸಿ ತಿಳಿಯದೆ ಹೊಸ ಲಸಿಕೆ ಮಾಡುವುದು ಕಷ್ಟ. ಈ ಸಂಶೋಧನೆ ನಮ್ಮ ಕೊಟ್ಟಿಗೆಯ ಬಾಗಿಲಿಗೇ ಸಂಬಂಧಪಟ್ಟದ್ದು.

ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ, ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಹೇಳಿ. ಮೊದಲ ದಿನಗಳ ರಕ್ತದಲ್ಲಿ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ. ತಡವಾದರೆ ಹುಡುಕಬೇಕಾದದ್ದು ಪ್ರತಿಕಾಯವನ್ನು. ದರಕಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕಾಲಿಗೆ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ.

ನಮಸ್ಕಾರ.