ಬೆಟ್ಟ, ಕೊಟ್ಟಿಗೆ, ತೋಟ

ಆತ್ಮೀಯರೇ,

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಹಸಿರು ಇಳಿಜಾರು ಸೊಪ್ಪಿನ ಬೆಟ್ಟ. ಹೊಸದಾಗಿ ಬಂದವರು ಅದನ್ನು ಕಾಡು ಎಂದುಕೊಳ್ಳುತ್ತಾರೆ. ಆದರೆ ಅಲ್ಲಿನ ಒಂದೊಂದು ಮರಕ್ಕೂ ಮನುಷ್ಯರ ಕೈ ತಾಗಿದೆ. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕಿನ, ಅಂದರೆ ಉದುರಿದ ಒಣ ಎಲೆಯ, ಅನುಭೋಗ ತೋಟಿಗರದು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನ ತೋಟಕ್ಕೆ ಎಕರೆಗೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟದ್ದುಂಟು. ಒಂದು ಎಕರೆ ಅಡಿಕೆಯನ್ನು ಸಾಕಲು ಎಷ್ಟು ಮರಗಳು ಬೇಕೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಸೊಪ್ಪು ಕಡಿಯುವುದನ್ನು ಹತ್ತಿರದಿಂದ ನೋಡಬೇಕು. ಬಲ್ಲವನು ಮತ್ತಿಯ ಮರವನ್ನೋ ಹೊನ್ನೆಯನ್ನೋ ಏರಿ, ಪಕ್ಕದ ರೆಂಬೆಗಳನ್ನಷ್ಟೇ ಸವರಿ, ಮರದ ತುದಿಯನ್ನು ಮುಟ್ಟದೆ ಇಳಿಯುತ್ತಾನೆ. ಮರ ಮತ್ತೆ ಚಿಗುರಿ ತುಂಬಿಕೊಳ್ಳುವವರೆಗೆ ಅದಕ್ಕೆ ಬಿಡುವು. ಕಡಿದ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತಂದ ದರಕು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸೆಗಣಿ ಗಂಜಲ ಕುಡಿದು, ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆಯ ಬುಡ ಸೇರುತ್ತದೆ. ಹೀಗೆ ಬೆಟ್ಟದ ಸಾರ ಕಣಿವೆಗೆ ಇಳಿಯುತ್ತದೆ. ಅತಿಯಾಗಿ ಕಡಿದು, ಅತಿಯಾಗಿ ಗುಡಿಸಿದ ಕಡೆ ಚಿರೆಕಲ್ಲು ಮೇಲೆದ್ದಿದೆ, ಅದನ್ನು ಮುಚ್ಚಿಡಬಾರದು. ಆದರೆ ಹುಳಿ ಹಣ್ಣು ಕೊಡುವ ಉಪ್ಪಾಗೆ, ಮುರುಗಲು, ಹಳ್ಳದ ದಂಡೆಯ ಅಪ್ಪೆಮಾವು ಇವತ್ತಿಗೂ ಉಳಿದಿದ್ದರೆ, ಇವು ನಮಗೆ ಬೇಕು ಎಂದು ಕತ್ತಿ ಹಿಡಿದವರೇ ಬಿಟ್ಟದ್ದರಿಂದ.

ಬೆಟ್ಟದ ಪಕ್ಕದ ಹುಲ್ಲುಗಾವಲಾದ ಬೇಣದ ಕಥೆ ನನಗೆ ಇನ್ನಷ್ಟು ಮುಖ್ಯವೆನಿಸುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆಯ ಕೊನೆಗೆ, ಅಂದರೆ ಗೊನೆಗೆ, ಕರಡದ ಹುಲ್ಲಿನ ಹೊದಿಕೆಯಾದ ಕೊಟ್ಟೆ ಕಟ್ಟುತ್ತಿದ್ದರು. ಕರಡ ಬೇಕಾದ್ದರಿಂದ ಬೇಣಕ್ಕೆ ಕಾವಲಿತ್ತು, ದನ ನುಗ್ಗದಂತೆ ಬೇಲಿಯಿತ್ತು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬಂತು, ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ರೋಗಕ್ಕೆ ಮದ್ದು ಸಿಕ್ಕಿತು, ಅಡಿಕೆ ಮರ ಏರುವ ಕೊನೆಗಾರನ ಕೆಲಸ ಹಗುರವಾಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಾರೂ ಹುಲ್ಲು ಕೊಯ್ಯದ ಬೇಣದಲ್ಲಿ ಪೊದೆ ಎದ್ದಿತು, ಕೆಲವು ಕಡೆ ಅಕೇಶಿಯಾ ಬಂದು ಕೂತಿತು. ಯಾರೂ ಬೇಣವನ್ನು ನಾಶಮಾಡಲು ಹೊರಟಿರಲಿಲ್ಲ. ಅದರ ಅಗತ್ಯ ಮುಗಿಯಿತು, ಅಷ್ಟೇ.

ಬೆಟ್ಟಕ್ಕೂ ಈಗ ಅದೇ ಕಾಲ. ಕೊಟ್ಟಿಗೆಯಲ್ಲಿ ದನ ಕಡಿಮೆ, ಗೊಬ್ಬರ ಚೀಲದಲ್ಲಿ ಬರುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮರ ಏರುವವರು ಸಿಗುವುದಿಲ್ಲ. ಅಡಿಕೆಗೆ ಬೆಲೆ ಏರಿದಾಗಲೆಲ್ಲ ಬೆಟ್ಟದ ಬುಡವನ್ನೇ ಸವರಿ, ಕೊಳವೆಬಾವಿ ತೋಡಿ ಹೊಸ ತೋಟ ಹಾಕುವ ಆಸೆ ಹುಟ್ಟುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸಮೀಪದ ಕಾಡಿನಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಂದಿನ ಕೊಡಲಿ ಹೊರಗಿನಿಂದ ಬಂದಿತ್ತು, ಹಾಗಾಗಿ ಎದುರು ನಿಲ್ಲುವುದು ಸಾಧ್ಯವಾಯಿತು. ಇಂದಿನದು ನಮ್ಮ ಮನೆಯ ಹಿತ್ತಿಲಿನಿಂದಲೇ ಹೊರಡುತ್ತಿದೆ.

ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಟ್ಟದ ಹಕ್ಕು ತೋಟವಿದ್ದವರಿಗೆ ಮಾತ್ರ ಇತ್ತು. ಸೊಪ್ಪಿನ ಹೊರೆ ಹೊತ್ತ, ದರಕು ಗುಡಿಸಿದ ಕೂಲಿಯವರಿಗೆ ಅಂಥ ಹಕ್ಕು ಇರಲಿಲ್ಲ. ಯಾವ ಮರ ಎಷ್ಟು ಕಡಿತ ತಾಳುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದದ್ದು ಅವರಿಗೇ. ಅವರ ಮಕ್ಕಳು ಬೆಟ್ಟದಿಂದ ದೂರ ಸರಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಬೇಲಿ ಹಾಕಿ ಜನರನ್ನು ಹೊರಗಿಟ್ಟರೆ ಬೆಟ್ಟ ತಾನಾಗಿ ಚೇತರಿಸಿಕೊಳ್ಳುತ್ತದೆ ಎಂದು ನಾನು ನಂಬುವುದಿಲ್ಲ. ಅದಕ್ಕೆ ಹೊಸ ಅಗತ್ಯ ಹುಟ್ಟಬೇಕು. ಉಪ್ಪಾಗೆ, ಮುರುಗಲುಗಳಿಗೆ ಪೇಟೆಯಲ್ಲಿ ಬೆಲೆಯಿದೆ. ಆದರೆ ಬೆಲೆ ಬಂದ ಕೂಡಲೇ ಪೈಪೋಟಿಗೆ ಬಿದ್ದು ಎಳೆಯ ಕಾಯಿ ಉದುರಿಸುವುದು, ಕೊಂಬೆಯನ್ನೇ ಮುರಿಯುವುದು, ಉಪ್ಪಾಗೆ ಸಿಪ್ಪೆ ಒಣಗಿಸಲು ಮತ್ತೆ ಕಾಡಿನ ಕಟ್ಟಿಗೆಯನ್ನೇ ಉರಿಸುವುದು ಶುರುವಾಗುತ್ತದೆ. ಆದ್ದರಿಂದ ಹಣ್ಣಾಗುವ ಮೊದಲು ಕೊಯ್ಯಬಾರದೆಂಬ ನಿಯಮವನ್ನೂ, ಆರಿಸುವ ಕೂಲಿಯವರಿಗೆ ಮಾರಾಟದಲ್ಲಿ ಪಾಲನ್ನೂ ಪ್ರತಿ ಊರಿನ ಗ್ರಾಮ ಅರಣ್ಯ ಸಮಿತಿ ಈ ಹಂಗಾಮಿಗೆ ಮೊದಲೇ ತನ್ನ ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಆ ಸಭೆಗೆ ತೋಟದ ಯಜಮಾನರಷ್ಟೇ ಅಲ್ಲ, ಮರ ಏರುವವರೂ ಬಂದು ಕೂರಬೇಕು.