ಭಾಗಲಬ್ಧದಲ್ಲಿ ಬಿಟ್ಟುಹೋಗುವ ಸೊನ್ನೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ನಾಲ್ಕನೇ, ಐದನೇ ತರಗತಿಯ ಮಕ್ಕಳಿದ್ದರೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು ರೇಡಿಯೋ ಹತ್ತಿರ ಕೂರಿಸಿ. 4,235 ರೂಪಾಯಿಯನ್ನು 7 ಜನಕ್ಕೆ ಸಮನಾಗಿ ಹಂಚಬೇಕು.

ಬರೆದುಕೊಂಡಿರಾ? ಎಡಗಡೆಯಿಂದ ಹೊರಡೋಣ. ಸಾವಿರದ ಸ್ಥಾನದಲ್ಲಿ 4 ಇದೆ. ಏಳು ಜನಕ್ಕೆ ಒಂದೊಂದು ಸಾವಿರ ಬರುವುದಿಲ್ಲ. ಅದನ್ನು ನೂರರ ನೋಟಿಗೆ ಮುರಿಸಿ: 40 ನೂರು, ಮೊದಲೇ ಇದ್ದ 2 ನೂರು, ಒಟ್ಟು 42 ನೂರು. ಏಳಾರ್ಲೆ ನಲವತ್ತೆರಡು, ತಲೆಗೆ 6 ನೂರು. ಈ 6 ಅನ್ನು ಭಾಜ್ಯದ 2ರ ನೆತ್ತಿಯ ಮೇಲೇ ಬರೆಯಿರಿ, ಆಚೀಚೆ ಬೇಡ. ಕಳೆದರೆ ಉಳಿದದ್ದು ಸೊನ್ನೆ.

ಈಗ 3 ಇಳಿಸಿ. ಇರುವುದು 3 ಹತ್ತು, ಏಳು ಜನಕ್ಕೆ ಒಂದೊಂದೂ ಸಾಲದು. ಎಡವುವುದು ಇಲ್ಲೇ. "ಹೋಗಲ್ಲ, ಇನ್ನೊಂದು ಅಂಕಿ ಇಳಿಸು" ಅಂದುಕೊಂಡು ಮಗು 5 ಅನ್ನೂ ಇಳಿಸುತ್ತದೆ, ಏಳೈದ್ಲೆ ಮೂವತ್ತೈದು ಅನ್ನುತ್ತದೆ, 6ರ ಪಕ್ಕ 5 ಬರೆದು ಉತ್ತರ 65 ಅನ್ನುತ್ತದೆ. ಮಗ್ಗಿ ಸರಿ, ಕಳೆದದ್ದೂ ಸರಿ, ಶೇಷವೂ ಸೊನ್ನೆ. ಅನುಮಾನ ಬರುವುದಾದರೂ ಹೇಗೆ?

ಗಮನ ಎಲ್ಲಿತ್ತು ಅಂತ ಗದರಬೇಡಿ. ಲೆಕ್ಕದ ಶುರುವಿನಲ್ಲಿ 4 ಸಾಲದಾದಾಗ ನಾವೇ ಏನೂ ಬರೆಯದೆ 42ಕ್ಕೆ ಹೋದೆವಲ್ಲ! ಮಗು ಅದೇ ನಿಯಮವನ್ನು ನಡುವೆಯೂ ನಡೆಸಿದೆ. ಸರಿಯಾದ ಉತ್ತರ 605. ಅದನ್ನು 0605 ಎಂದು ಬರೆದರೂ ಬೆಲೆ ಅದೇ. ಎಡತುದಿಯ ಸೊನ್ನೆ ಬಿಟ್ಟರೆ ನಷ್ಟವಿಲ್ಲ. ನಡುವಿನದನ್ನು ಬಿಟ್ಟರೆ 6 ನೂರು ಜಾರಿ 6 ಹತ್ತಾಗುತ್ತದೆ. ಆದ್ದರಿಂದ 3ರ ಮೇಲೆ 0 ಬರೆದು, ಆಮೇಲೆ 5 ಇಳಿಸಬೇಕು.

ಮರೆಯದಿರಲು ಒಂದು ಉಪಾಯ. ಮೇಲೆ ಮೊದಲ ಅಂಕಿ ಕೂತ ಕೂಡಲೇ, ಭಾಜ್ಯದಲ್ಲಿ ಅದರ ಬಲಕ್ಕೆ ಉಳಿದ ಪ್ರತಿ ಅಂಕಿಯ ಮೇಲೆ ಒಂದು ಚುಕ್ಕಿ ಇಡಿಸಿ. ಇಲ್ಲಿ ಎರಡು ಚುಕ್ಕಿ. ಒಂದು ಚುಕ್ಕಿಯೂ ಖಾಲಿ ಉಳಿಯಬಾರದು. ಚೌಕದ ಗೆರೆಯ ಪುಸ್ತಕವಾದರೆ ಇನ್ನೂ ಸಲೀಸು.

ಕೊನೆಯ ಸೊನ್ನೆಗೂ ಇದೇ ಗತಿ. 4,204ನ್ನು 7ರಿಂದ ಭಾಗಿಸಿದರೆ ಭಾಗಲಬ್ಧ 600, ಶೇಷ 4. ಚುಕ್ಕಿ ಇಡದವರು 6, ಶೇಷ 4 ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ಭಾಜಕ ಎರಡಂಕಿಯದಾದರೂ ಕ್ರಮ ಬದಲಾಗದು: 3,660ನ್ನು 12ರಿಂದ ಭಾಗಿಸಿದರೆ 305.

ತಾಳೆ ನೋಡಲು ಭಾಜಕದಿಂದ ಭಾಗಲಬ್ಧವನ್ನು ಗುಣಿಸಿ, ಶೇಷ ಕೂಡಿಸಿ. ಮೊದಲ ಲೆಕ್ಕದ 605 ತೆಗೆದುಕೊಳ್ಳಿ: ಏಳು ಸಲ 600 ಅಂದರೆ 4,200, ಏಳು ಸಲ 5 ಅಂದರೆ 35, ಒಟ್ಟು 4,235. ಭಾಜ್ಯ ಸಿಕ್ಕಿತು. ಅದೇ 65 ಆಗಿದ್ದರೆ ಬರುವುದು ಬರೀ 455. ಮಿಕ್ಕ ಮೂರು ಸಾವಿರ ಚಿಲ್ಲರೆ ಯಾರ ಜೇಬಿಗೆ ಹೋಯಿತು ಅಂತ ಮಗುವನ್ನೇ ಕೇಳಿ.

ಈಗ 5,418ನ್ನು 6ರಿಂದ ಭಾಗಿಸಿ. 93 ಬಂದರೆ, 1ರ ನೆತ್ತಿಯ ಮೇಲೆ ಏನು ಬರೆದಿದ್ದೀರಿ ನೋಡಿಕೊಳ್ಳಿ.