ಸವಳು ಬಿಡಿಸಬೇಕಾದರೆ ಮೊದಲು ಬಸಿಗಾಲುವೆ

ರೈತ ಬಾಂಧವರಿಗೆ, ತಾಯಂದಿರಿಗೆ ನಮಸ್ಕಾರ.

ಮಣ್ಣಿನ ಮಾಲಿನ್ಯದ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಕಾರ್ಖಾನೆ ನೀರು, ಪ್ಲಾಸ್ಟಿಕ್ಕು, ಕೀಟನಾಶಕ, ಎಲ್ಲವೂ ಮಣ್ಣು ಕೆಡಿಸುತ್ತವೆ, ಸುಳ್ಳಲ್ಲ. ಆದರೆ ಈಗ ರೇಡಿಯೋ ಮುಂದೆ ಕೂತಿರುವ ಸಿಂಧನೂರು, ಗಂಗಾವತಿ, ಮಾನ್ವಿ, ಸಿರುಗುಪ್ಪದ ನಿಮ್ಮ ಹೊಲ ಕೆಡುತ್ತಿರುವುದು ತುಂಗಭದ್ರಾ ನಾಲೆಯ ನೀರಿನಿಂದ. ನಾನು ಹೇಳುವ ಮಾತು ಒಂದೇ: ಹೊಲಕ್ಕೆ ನೀರು ಬರುವ ದಾರಿ ಇದ್ದರೆ ಸಾಲದು, ಹೋಗುವ ದಾರಿಯೂ ಇರಬೇಕು. ಆ ದಾರಿಯೇ ಬಸಿಗಾಲುವೆ.

ಮೊದಲು ಲೆಕ್ಕ ನೋಡೋಣ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಸುಮಾರು ಒಂದು ಲಕ್ಷ ಲೀಟರ್. ಭತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ 48 ಇಂಚು ಹಿಡಿದರೆ 48 ಲಕ್ಷ ಲೀಟರ್ ಆಯಿತು. ನಾಲೆಯ ನೀರು ಸಿಹಿ ಅಂತೀರಿ, ನಿಜ. ಆದರೂ ಲೀಟರಿಗೆ ಕಾಲು ಗ್ರಾಂ ಉಪ್ಪು ಅಂತ ಲೆಕ್ಕ ಹಾಕಿದರೆ ಎಕರೆಗೆ 12 ಕ್ವಿಂಟಾಲ್! ಅದೂ ಒಂದೇ ಬೆಳೆಗೆ. ಎರಡು ಬೆಳೆ ತೆಗೆದರೆ 24. ನೀರನ್ನು ಬಿಸಿಲು ಕುಡಿಯುತ್ತದೆ, ಬೆಳೆ ಕುಡಿಯುತ್ತದೆ. ಉಪ್ಪನ್ನು ಯಾರೂ ಕುಡಿಯುವುದಿಲ್ಲ. ಅದು ಎಲ್ಲಿಗೆ ಹೋಗಬೇಕು ಹೇಳಿ?

ನಮ್ಮದು ಎರೆಭೂಮಿ. ನೀರು ಕೆಳಗೆ ಇಳಿಯುವುದು ನಿಧಾನ. ವರ್ಷ ವರ್ಷ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ ಐದಾರು ಅಡಿಗೆ ಬಂದು ಕೂರುತ್ತದೆ. ಅದು ಜವಳು. ಆಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಅದು ಸವಳು. ಬೇಸಿಗೆಯಲ್ಲಿ ಬದುವಿನ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಂಡರೆ ಅದೇ.

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಈ ಕಡೆ ಹರಿಯುತ್ತಿದೆ. ಯೋಜನೆ ಮಾಡಿದವರು ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆಂದೇ ಗೊತ್ತು ಮಾಡಿದ್ದರು. ನಾವು ಭತ್ತ ಹಾಕಿದೆವು. ಮೇಲ್ಭಾಗದವರ ಹೊಲ ಜವಳಾಯಿತು, ಕೊನೆಭಾಗದವರಿಗೆ ನೀರೇ ಇಲ್ಲ. ಈ ವಿಷಯ ಎತ್ತಿದರೆ ಸಭೆಯಲ್ಲಿ ಗಲಾಟೆ ಆಗುತ್ತದೆ, ಇಲ್ಲಿಗೇ ಬಿಡುತ್ತೇನೆ.

ಈಗ ಸಿಂಧನೂರು ಕಡೆಯ ಒಬ್ಬ ರೈತರ ವಿಷಯ. ತರಬೇತಿಗಳಲ್ಲಿ ಇದನ್ನು ಕೇಳಿದವರು ಇನ್ನೊಮ್ಮೆ ಕೇಳಬೇಕು. ಅವರದು ನಾಲ್ಕು ಎಕರೆ ಭತ್ತದ ಗದ್ದೆ. ನಡುವೆ ಅಲ್ಲಲ್ಲಿ ಸಸಿಯೇ ನಿಲ್ಲುತ್ತಿರಲಿಲ್ಲ, ನಿಂತವುಗಳ ತುದಿ ಸುಡುತ್ತಿತ್ತು. ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು, ಅಂಥ ಜಾಗಕ್ಕೆ ಎರಡು ಪಾಲು ಯೂರಿಯಾ ಚೆಲ್ಲಿದರು. ಕ್ಷಾರದ ಮಣ್ಣಿನಲ್ಲಿ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ದುಡ್ಡು ಹೋಯಿತು, ಪೈರು ಏಳಲಿಲ್ಲ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದರು. ರಸಸಾರ, ಅಂದರೆ ಪಿಎಚ್, ಎಂಟೂವರೆ ದಾಟಿತ್ತು, ಸೋಡಿಯಂ ಜಾಸ್ತಿ. ಎಕರೆಗೆ ಎರಡು ಟನ್ ಜಿಪ್ಸಂ ಹಾಕಿ ಎಂದು ಬರೆದುಕೊಟ್ಟರು. ನಾಲ್ಕು ಎಕರೆಗೆ ಎಂಟು ಟನ್, ಅಂದರೆ 50 ಕಿಲೋದ 160 ಚೀಲ. ಹರಡಿದರು, ಮೇಲಿನ ನಾಲ್ಕು ಇಂಚು ಮಣ್ಣಿಗೆ ಬೆರೆಸಿದರು, ಎರಡು ವಾರ ನೀರು ನಿಲ್ಲಿಸಿದರು, ಅದೇ ನೀರಿನಲ್ಲೇ ನಾಟಿ ಮಾಡಿದರು. ಬೆಳೆ ಹಿಂದಿನ ವರ್ಷದಷ್ಟೇ. ಜಿಪ್ಸಂ ಖೋಟಾ ಅಂತ ಊರೆಲ್ಲ ಹೇಳಿಕೊಂಡು ಬಂದರು.

ಖೋಟಾ ಅಲ್ಲ ಸ್ವಾಮಿ! ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲೆ ಕೂತ ಸೋಡಿಯಂನ ಎಬ್ಬಿಸುತ್ತದೆ. ಅದರ ಕೆಲಸ ಅಷ್ಟೇ. ಎದ್ದ ಸೋಡಿಯಂ ನೀರಿನಲ್ಲಿ ಕರಗಿ ಹೊಲ ಬಿಟ್ಟು ಹೊರಗೆ ಹೋಗಬೇಕು. ಅವರ ಹೊಲದಲ್ಲಿ ಹೋಗುವ ದಾರಿ ಎಲ್ಲಿತ್ತು? ಕೆಳಗಿನ ಹೊಲದವರು ಹಳೆಯ ಹಳ್ಳವನ್ನು ಟ್ರ್ಯಾಕ್ಟರಿನಿಂದ ಮುಚ್ಚಿ ಭತ್ತ ನಟ್ಟಿದ್ದರು. ಅವರನ್ನು ಒಪ್ಪಿಸಲು ಒಂದು ಬೇಸಿಗೆ ಬೇಕಾಯಿತು. ಮೇಲಿನ ನೀರು ಜಿನುಗಿ ಅವರ ಹೊಲದ ಮೂಲೆಯೂ ಬೆಳ್ಳಗಾಗತೊಡಗಿದ ಮೇಲೆಯೇ ಒಪ್ಪಿದ್ದು. ಇಬ್ಬರೂ ಸೇರಿ ನಾಲ್ಕು ಅಡಿ ಆಳದ ಬಸಿಗಾಲುವೆ ತೆಗೆಸಿದರು. ನೀರು ನಿಲ್ಲಿಸಿ ಬಿಟ್ಟಾಗ ಕಾಲುವೆಗೆ ಇಳಿದ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪುಪ್ಪು. ಎರಡನೇ ವರ್ಷ ಸಸಿ ನಿಲ್ಲದ ಜಾಗಗಳು ತುಂಬಿಕೊಂಡವು. ಹೊಸ ಜಿಪ್ಸಂ ಹಾಕಿರಲಿಲ್ಲ, ಮೊದಲು ಹಾಕಿದ್ದೇ ಕೆಲಸ ಮಾಡಿತು.

ಅದಕ್ಕೇ ಹೇಳುವುದು, ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ.

ಕಾಲುವೆ ತೆಗೆಸುವಾಗ ಗೋಡೆ ನೆಟ್ಟಗೆ ಕಡಿಸಬೇಡಿ, ಎರೆಮಣ್ಣು ಮೊದಲ ಮಳೆಗೇ ಕುಸಿಯುತ್ತದೆ. ಎರಡೂ ಬದಿಗೆ ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಓರೆ ಕೊಡಿ. ತಳ ಒಂದು ಅಡಿ, ಆಳ ನಾಲ್ಕು ಅಡಿ ಇದ್ದರೆ ಮೇಲ್ಭಾಗ 13 ಅಡಿ ಅಗಲ ಆಗುತ್ತದೆ. ನೂರು ಅಡಿ ಉದ್ದಕ್ಕೆ ಎರಡು ಮೂರು ಇಂಚು ಇಳಿಜಾರು ಸಾಕು. ಅಷ್ಟು ಜಾಗ ಬಿಡಲು ಮನಸ್ಸಿಲ್ಲ ಅನ್ನುವವರಿಗೆ ನೆಲದೊಳಗೆ ಹೂಳುವ ತೂತಿನ ಪಿವಿಸಿ ಪೈಪು ಇದೆ. ಮೂರು ನಾಲ್ಕು ಅಡಿ ಆಳದಲ್ಲಿ, ಸಾಲಿನಿಂದ ಸಾಲಿಗೆ 30ರಿಂದ 50 ಮೀಟರ್ ಅಂತರ ಬಿಟ್ಟು ಹೂಳುತ್ತಾರೆ. ಪೈಪಿಗೆ ಸೋಸುವ ಬಟ್ಟೆ ಸುತ್ತದಿದ್ದರೆ ಮಣ್ಣು ತುಂಬಿ ಕಟ್ಟಿಕೊಳ್ಳುತ್ತದೆ. ಖರ್ಚು ಜಾಸ್ತಿ, ಒಬ್ಬರೇ ಮಾಡಿದರೆ ಪ್ರಯೋಜನವೂ ಕಡಿಮೆ. ಅಕ್ಕಪಕ್ಕದ ಹೊಲದವರು ಕೂಡಿ ಮಾಡಿ. ಪೈಪಿನ ಬಾಯಿ ಹಳ್ಳದ ನೀರಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಹಳ್ಳದ ನೀರೇ ನಿಮ್ಮ ಹೊಲಕ್ಕೆ ಬರುತ್ತದೆ.

ಬೆಳ್ಳಗೆ ಕಂಡದ್ದಕ್ಕೆಲ್ಲ ಜಿಪ್ಸಂ ಬೇಡ. ಬರೀ ಉಪ್ಪಿನ ಸವಳಾದರೆ ತೊಳೆದರೆ ಸಾಕು. ಒಂದು ಅಡಿ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿಸಿ ಹೊರಗೆ ಬಿಟ್ಟರೆ ಐದರಲ್ಲಿ ನಾಲ್ಕು ಪಾಲು ಉಪ್ಪು ಹೋಗುತ್ತದೆ. ಸೋಡಿಯಂ ಇದೆಯೋ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರು ಹಾಕಿ, ಹುಣಸೆಬೀಜದಷ್ಟು ಒಣ ಮಣ್ಣಿನ ಹೆಂಟೆ ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ಸಂಜೆ ಬಂದು ನೋಡಿ. ಹೆಂಟೆ ಉದುರಿ ನೀರು ತಿಳಿಯಾಗಿದ್ದರೆ ಭಯವಿಲ್ಲ. ಹೆಂಟೆಯ ಸುತ್ತ ಹಾಲು ಕದಡಿದಂತೆ ಬಗ್ಗಡ ಹರಡಿದ್ದರೆ ಸೋಡಿಯಂ ಇದೆ, ಪ್ರಯೋಗಾಲಯಕ್ಕೆ ಹೋಗಿ. ಜಿಪ್ಸಂ ಎಷ್ಟು ಬೇಕು ಎನ್ನುವುದನ್ನು ಅವರೇ ಹೇಳಬೇಕು, ಗೊಬ್ಬರದ ಅಂಗಡಿಯವರಲ್ಲ.

ಸಮಯ ಮುಗಿಯುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಕಾಲುವೆ ಆದ ಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚಾ ಎಕರೆಗೆ 20 ಕಿಲೋ ಬಿತ್ತಿ, 45 ದಿನಕ್ಕೆ ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಿ. ಹೊಲ ಸರಿಹೋಗುವವರೆಗೆ ಹತ್ತಿ ಹಾಕುವುದು ಜಾಣತನ. ಮಣ್ಣಿನ ಉಪ್ಪು ಅಳೆಯುವ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯುತ್ತದೆ, ಹತ್ತಿ 7ರವರೆಗೂ ತಡೆಯುತ್ತದೆ. ಬೀನ್ಸು 1 ದಾಟಿದರೇ ಸೋಲುತ್ತದೆ. ಭತ್ತವೇ ಬೇಕು ಅನ್ನುವವರು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಸವಳು ಮಣ್ಣಿನ ಕೆಲಸ ಅಲ್ಲಿ ನಡೆಯುತ್ತದೆ.

ಪರೀಕ್ಷೆಗೆ ಮಣ್ಣಿನ ಮಾದರಿ ತೆಗೆಯುವುದು ಬೇಸಿಗೆಯಲ್ಲಿ, ಹೊಲ ಒಣಗಿರುವಾಗ. ಕೆಟ್ಟ ಜಾಗದ್ದು ಬೇರೆ, ಚೆನ್ನಾಗಿರುವ ಜಾಗದ್ದು ಬೇರೆ, ಎರಡನ್ನೂ ಕಲಸಬೇಡಿ. ಮೇಲಿನ ಆರು ಇಂಚು ಒಂದು ಚೀಲ, ಅದರ ಕೆಳಗಿನ ಆರು ಇಂಚು ಇನ್ನೊಂದು, ಅರ್ಧರ್ಧ ಕಿಲೋ ಸಾಕು. ಬಟ್ಟೆ ಚೀಲ ತನ್ನಿ, ಯೂರಿಯಾ ಚೀಲದಲ್ಲಿ ತಂದರೆ ಯೂರಿಯಾನೇ ಪರೀಕ್ಷೆ ಮಾಡಿದಂತೆ ಆಗುತ್ತದೆ. ಹೊರಡುವ ಮೊದಲು ಹೊಲದ ಕೆಳಗಡೆ ಒಮ್ಮೆ ನಡೆದು ಹಳ್ಳ ಬಾಯಿ ಬಿಟ್ಟಿದೆಯೋ ಮುಚ್ಚಿದೆಯೋ ನೋಡಿ ಬನ್ನಿ. ಪ್ರಯೋಗಾಲಯದಲ್ಲಿ ನಾವು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.